ಪ್ರತಿಕ್ರಿಯೆ: 2023ರ ಬೇರ್ಸ್–ಪ್ಯಾಂಥರ್ಸ್ ಟ್ರೇಡ್‌ನ ಲೆಕ್ಕ ಯಾಕೆ ಕೂಡುತ್ತಿಲ್ಲ?

ಇದು ಅಮೆರಿಕನ್ ಫುಟ್‌ಬಾಲ್ ಲೀಗ್ NFLನ ಮಾತು: ಬೇರ್ಸ್ ತಂಡ ತನ್ನ 1ನೇ ಪಿಕ್ (ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿನ ಸರದಿ) ಪ್ಯಾಂಥರ್ಸ್‌ಗೆ ಕೊಟ್ಟಿತು. ನೀವು ಬಹುಶಃ ಆ ವರ್ಷದ ಪಿಕ್‌ಗಳನ್ನಷ್ಟೇ ಕೂಡಿದ್ದೀರಿ. ಪ್ರತಿ ಪಿಕ್‌ನ ಬೆಲೆಯನ್ನು ಅಂಕದಲ್ಲಿ ಹೇಳುವ ಜಿಮ್ಮಿ ಜಾನ್ಸನ್ ಚಾರ್ಟ್‌ನಲ್ಲಿ 1ನೇ ಪಿಕ್‌ಗೆ 3000 ಅಂಕ. ಬದಲಿಗೆ ಬೇರ್ಸ್‌ಗೆ ಸಿಕ್ಕ 9ಕ್ಕೆ 1350, 61ಕ್ಕೆ 292. ಒಟ್ಟು 1642. ಅದಕ್ಕೇ ಬೇರ್ಸ್ ಟೋಪಿ ಹಾಕಿಸಿಕೊಂಡ ಹಾಗೆ ಕಾಣುತ್ತದೆ.

ಮೊದಲು ಬೇರ್ಸ್‌ಗೆ ಸಿಕ್ಕ 2024ರ ಮೊದಲ ಸುತ್ತಿನ, 2025ರ ಎರಡನೇ ಸುತ್ತಿನ ಪಿಕ್ ಸೇರಿಸಿ. ಅವು ಎಷ್ಟನೆಯವು ಅಂತ ಟ್ರೇಡ್ ದಿನ ಯಾರಿಗೂ ಗೊತ್ತಿರುವುದಿಲ್ಲ. ನಾನು ಸುತ್ತಿನ ನಡುವಿನ ಪಿಕ್ ಅಂತ ಹಿಡಿದು, ಕಾಯುವ ಪ್ರತಿ ವರ್ಷಕ್ಕೆ ಒಂದು ಸುತ್ತು ಕೆಳಗಿನ ಬೆಲೆ ಹಾಕುತ್ತೇನೆ. ಬರೀ ಅಂದಾಜು, ಅಷ್ಟೇ. ಆಮೇಲೆ ಪಿಕ್‌ಗಳ ಜೊತೆ ಬೇರ್ಸ್‌ಗೆ ಸಿಕ್ಕ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಡಿ.ಜೆ. ಮೂರ್. ಆಟಗಾರರಿಗೆ ಚಾರ್ಟ್‌ನಲ್ಲಿ ಅಂಕವೇ ಇಲ್ಲ. ಅಂಥ ರಿಸೀವರ್‌ಗೆ ನೀವಾಗಿದ್ದರೆ ಯಾವ ಪಿಕ್ ಕೊಡುತ್ತಿದ್ದಿರಿ? ಅದರ ಅಂಕ ಹಾಕಿ.

2024ರ ಪಿಕ್ ಕೊನೆಗೆ 1ನೆಯದೇ ಆಯ್ತು, ಬೇರ್ಸ್ ಕೇಲೆಬ್ ವಿಲಿಯಮ್ಸ್‌ನನ್ನು ತೆಗೆದುಕೊಂಡರು. ಹೆಚ್ಚು ಸೋತ ತಂಡದ ಪಿಕ್ ಮೊದಲು ಬರುತ್ತದೆ; ಪ್ಯಾಂಥರ್ಸ್ 15 ಪಂದ್ಯ ಸೋತಿದ್ದರು, ಇನ್ನೇನಾಗುತ್ತೆ! ಆದರೆ ಅದನ್ನು ಟ್ರೇಡ್ ದಿನದ ಲೆಕ್ಕಕ್ಕೆ ಬೆರೆಸಬೇಡಿ, ಬೇರೆ ಕಾಲಂನಲ್ಲಿ ಬರೆಯಿರಿ.

ಬೇಸ್‌ಬಾಲ್‌ಗೆ ಈ ಲೆಕ್ಕದ ಶೀಟ್ ಸುಮ್ನೆ ದಂಡ. ಸದ್ಯದ ನಿಯಮದಲ್ಲಿ ಕಾಂಪಿಟಿಟಿವ್ ಬ್ಯಾಲೆನ್ಸ್ ಪಿಕ್ (ಸಣ್ಣ ಮಾರುಕಟ್ಟೆಯ ಅಥವಾ ಕಡಿಮೆ ಆದಾಯದ ತಂಡಗಳಿಗೆ ಕೊಡುವ ಹೆಚ್ಚುವರಿ ಪಿಕ್) ಬಿಟ್ಟರೆ ಬೇರೆ ಪಿಕ್ ಟ್ರೇಡ್ ಮಾಡುವಂತಿಲ್ಲ. ಅಲ್ಲಿ ಮೈನರ್ ಲೀಗ್ (ಕೆಳ ಹಂತದ ಲೀಗ್) ಹುಡುಗರನ್ನೇ ಹೋಲಿಸಿ.