ಅತ್ತೆಯ ಎಣ್ಣೆ ಸ್ನಾನ, ಅಜ್ಜಿಯ ಚಂದ್ರ

ಯುಗಾದಿ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಹಿರಿಯರ ಬಗ್ಗೆಯೇ. ಮೂರನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರಲ್ಲ, 31 ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಮಾತ್ರೆ, ಇನ್ಸುಲಿನ್ ಹೆಚ್ಚುಕಡಿಮೆ ಮಾಡುವ ವಿಷಯವನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಗೆ 78. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಹೋದ ದೀಪಾವಳಿಗೆ ಎಣ್ಣೆ ಸ್ನಾನ ಮಾಡುವಾಗ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಈಗ ವಾಸಿಯಾಗಿದೆ. ಈ ಯುಗಾದಿಗೆ ಎಣ್ಣೆ ಸ್ನಾನ ಬೇಡ, ಹೋಳಿಗೆಯನ್ನೂ ಅಂಗಡಿಯಿಂದ ತರೋಣ ಅಂತ ನಮ್ಮ ಯಜಮಾನರು ಹೇಳಿದರು. ಅವತ್ತಿಂದ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ‘ಹಾಗಾದ್ರೆ ನಾನು ಯಾಕಿದ್ದೀನಿ’ ಅಂದರು. ಏನು ಮಾಡಲಿ?
(ಒಬ್ಬ ಸೊಸೆ, ತುಮಕೂರು)

ಉತ್ತರ: ತಂಗಿ, ನಿಮ್ಮ ಯಜಮಾನರಿಗೆ ಭಯ ಇದೆ. ಆ ವಯಸ್ಸಿನಲ್ಲಿ ಮಣಿಕಟ್ಟಿನ ಬದಲು ಸೊಂಟದ ಮೂಳೆ ಮುರಿದಿದ್ದರೆ ಏನಾಗುತ್ತಿತ್ತು ಅಂತ ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೆ ನಿಮ್ಮ ಅತ್ತೆಯ ಮಾತು ನನ್ನ ಮನಸ್ಸಿಗೆ ತುಂಬಾ ನಾಟಿತು. ಹಬ್ಬವನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಅವರು ಕೂರುವ ಜಾಗ ಬದಲಿಸಿ, ಹೊತ್ತು ಬದಲಿಸಿ. ಅಷ್ಟು ಸಾಕು.

ಮೊದಲು ಎಣ್ಣೆ ಸ್ನಾನ. ಮಣೆಯ ಮೇಲೆ ಕೂತು ಏಳುವುದು ಅವರಿಗೆ ಕಷ್ಟ. ಮಣೆಗೆ ಹಾಕುವ ರಂಗೋಲಿಯನ್ನು ಗಟ್ಟಿ ಕುರ್ಚಿಯೊಂದರ ಮುಂದೆ ಹಾಕಿ, ಅಲ್ಲೇ ಕೂರಿಸಿ. ಗರಿಕೆಯಲ್ಲಿ ಎಣ್ಣೆ ಅದ್ದಿ ಶಾಸ್ತ್ರ ಮಾಡಿ. ನೆತ್ತಿಗೆ, ಕೈಗೆ ಚೆನ್ನಾಗಿ ತಿಕ್ಕಿ. ಅಂಗಾಲಿಗೆ ಮಾತ್ರ ಬೇಡ. ಎಣ್ಣೆ ಇಳಿದು ಪಾದಕ್ಕೆ ಬಂದಿದ್ದರೆ, ಅವರು ಏಳುವ ಮೊದಲು ನೀವೇ ಕೂತು ಕಡಲೆಹಿಟ್ಟು ಹಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ. ಬಚ್ಚಲಲ್ಲಿ ನಾಲ್ಕು ಕಾಲಿಗೂ ರಬ್ಬರ್ ಇರುವ ಕುರ್ಚಿ ಇಡಿ. ಮೈಗೆ ಹಿತವಾಗುವಷ್ಟು ಬಿಸಿ ನೀರು ಸಾಕು. ಹಬೆಯಾಡುವ ನೀರು ಹೊಯ್ದುಕೊಂಡರೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಬಿಪಿ ಮಾತ್ರೆಯೂ ಮೈಯಲ್ಲಿರುತ್ತದೆ. ಎದ್ದ ತಕ್ಷಣ ಕಣ್ಣು ಕತ್ತಲೆ ಬರುವುದು ಹೀಗೆ. ಸ್ನಾನ ಮುಗಿದ ಮೇಲೆ ಎರಡು ನಿಮಿಷ ಅಲ್ಲೇ ಕೂತಿರಲಿ, ಆಮೇಲೆ ಏಳಲಿ. ಬಾಗಿಲಿಗೆ ಚಿಲಕ ಬೇಡ, ಹೊರಗೆ ನೀವಿರಿ. ಅವರು ಸ್ನಾನಕ್ಕೆ ಹೋಗುವ ಮುಂಚೆಯೇ ಸೀಗೆಪುಡಿ ಹಾಕಿ ನೆಲ ಉಜ್ಜಿಬಿಡಿ. ಅವರಿಗಿಂತ ಮೊದಲು ಯಾರಾದರೂ ಎಣ್ಣೆ ಸ್ನಾನ ಮಾಡಿದ್ದರೆ ಅದೇ ಜಾರುಬಂಡೆ.

ಹಬ್ಬದ ದಿನ ನನಗೆ ಜಾಸ್ತಿ ಚಿಂತೆ ಇರುವುದು ಊಟದ ಹೊತ್ತಿನ ಬಗ್ಗೆ. ಇದನ್ನು ನನ್ನ ಅಮ್ಮನಿಂದ ಕಲಿತೆ. ಆ ಯುಗಾದಿ ದಿನ ಪೂಜೆ ತಡವಾಯಿತು. ಅಮ್ಮ ಬೆಳಿಗ್ಗೆ ಎಂಟಕ್ಕೆ ದಿನದಂತೆ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದರು. ಪೂಜೆಯಾಗದೆ ಏನೂ ತಿನ್ನಲ್ಲ ಅಂತ ಕಾಫಿ ಮಾತ್ರ ಕುಡಿದಿದ್ದರು. ಒಂದು ಗಂಟೆಯ ಹೊತ್ತಿಗೆ ಮಾತು ತಡವರಿಸತೊಡಗಿತು. ಹೂರಣದ ಪಾತ್ರೆ ಮುಂದಿಟ್ಟುಕೊಂಡು ‘ಇದೇನು’ ಅಂತ ನನ್ನನ್ನೇ ಕೇಳಿದರು. ಸುಸ್ತಾಗಿರಬೇಕು ಅಂದುಕೊಂಡು ಮಲಗಿಸಲು ಹೋದೆ. ಹಣೆ ಮುಟ್ಟಿದರೆ ತಣ್ಣಗಿತ್ತು, ಬೆವರು ಕಿತ್ತು ಬರುತ್ತಿತ್ತು. ಆಗ ಹೊಳೆಯಿತು. ಮೀಟರ್ ಹಚ್ಚಿ ನೋಡಿದರೆ ಸಕ್ಕರೆ 48! ವಾರ್ಡಿನಲ್ಲಿ ಒಂದೇ ನೋಟಕ್ಕೆ ಗುರುತಿಸುತ್ತಿದ್ದುದನ್ನು ಮನೆಯಲ್ಲಿ, ಹಬ್ಬದ ಗದ್ದಲದಲ್ಲಿ, ನಾನು ಹತ್ತು ನಿಮಿಷ ಕಾಣಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ಹಿಂದಿನ ವಾರವೇ ಡಾಕ್ಟರ ಹತ್ತಿರ ಹೋಗಿ, ‘ಹಬ್ಬದ ದಿನ ತಿಂಡಿ ತಡವಾದರೆ ಈ ಮಾತ್ರೆ ಯಾವಾಗ ಕೊಡಲಿ?’ ಅಂತ ಕೇಳಿ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ತರಹದ ಮಾತ್ರೆಗಳು ಊಟಕ್ಕೆ ಕಾಯುವುದಿಲ್ಲ, ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಇನ್ನೂ ಸುಲಭದ ದಾರಿ ಅಂದರೆ ಪೂಜೆಯನ್ನೇ ಬೇಗ ಇಟ್ಟುಕೊಳ್ಳುವುದು. ಎಂಟಕ್ಕೆ ಮಂಗಳಾರತಿ, ಬೇವುಬೆಲ್ಲ, ಕೂಡಲೇ ತಿಂಡಿ. ದೊಡ್ಡ ಊಟ ಎಷ್ಟು ಹೊತ್ತಿಗಾದರೂ ಆಗಲಿ, ಅತ್ತೆಯ ಎಲೆ ಮಾತ್ರ ದಿನದ ಹೊತ್ತಿಗೇ ಹಾಕಿ. ‘ನೀವು ಮೊದಲು ಕೂತರೆ ಹಬ್ಬಕ್ಕೆ ಕಳೆ’ ಅಂತ ಮಗನೇ ಕೈಹಿಡಿದು ಕೂರಿಸಿದರೆ ಯಾವ ತಾಯಿಯೂ ಬೇಡ ಅನ್ನುವುದಿಲ್ಲ.

ಬೆವರು, ನಡುಕ, ತೊದಲು, ಕಾರಣವಿಲ್ಲದ ಸಿಟ್ಟು ಕಂಡರೆ ಮೀಟರ್ ಹಚ್ಚಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮನೆಯಲ್ಲಿ ಮೀಟರೇ ಇಲ್ಲದಿದ್ದರೆ, ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ಊಟ ಕೊಡಿ, ಡಾಕ್ಟರಿಗೂ ಒಂದು ಫೋನ್ ಮಾಡಿ. ಆ ಹೊತ್ತಿನಲ್ಲಿ ಸಿಹಿ ಅಂತ ಹೋಳಿಗೆ ಕೊಡಬೇಡಿ. ಅದರಲ್ಲಿ ತುಪ್ಪ, ಬೇಳೆ ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ.

ಇನ್ನು ಹೋಳಿಗೆ ಮಾಡುವ ವಿಷಯ. ಬೇಳೆ ಕುದಿಸಿ ಕಟ್ಟು ಬಸಿಯುವುದು, ಬಿಸಿ ಹೂರಣ ಕಲಸುವುದು, ಕಾವಲಿ ಮುಂದೆ ನಿಲ್ಲುವುದು ನಿಮ್ಮ ಪಾಲು. ಬೆಲ್ಲದ ಹದ ನೋಡುವುದು, ಕಣಕ ಸರಿಯಾಗಿ ನೆಂದಿದೆಯಾ ಅಂತ ಎಳೆದು ನೋಡುವುದು, ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಉಂಡೆ ತುಂಬಿ ಕೊಡುವುದು ಅತ್ತೆಯ ಪಾಲು. ತಟ್ಟುವುದನ್ನು ಯಾರಾದರೂ ಕಲಿತುಬಿಡುತ್ತಾರೆ. ಹದ ಹೇಳುವವರೇ ಮನೆಗೆ ಬೇಕಾದವರು, ಅಲ್ವಾ? ಹೂರಣದ ರುಚಿ ನೋಡುವುದು ಚಮಚದ ತುದಿಯಲ್ಲಿರಲಿ. ಊಟಕ್ಕೆ ಮೊದಲು ಕೋಸಂಬರಿ, ಪಲ್ಯ, ಆಮೇಲೆ ಒಂದು ಹೋಳಿಗೆ. ಆ ಹೊತ್ತು ಅನ್ನ ಕಡಿಮೆ. ಬೆಲ್ಲ ಆದ್ದರಿಂದ ಏನಾಗಲ್ಲ ಅನ್ನುವವರ ಮಾತು ಕೇಳಬೇಡಿ. ಬೆಲ್ಲವೂ ಸಕ್ಕರೆಯ ಹಾಗೆಯೇ ಏರಿಸುತ್ತದೆ.

ಪ್ರಶ್ನೆ: ಹಬ್ಬಕ್ಕೆ ಊರಿಗೆ ಒಂಬತ್ತು ಜನ ಸೇರುತ್ತೇವೆ. ಅಪ್ಪ, ಅಮ್ಮ ಇಬ್ಬರಿಗೂ 80 ದಾಟಿದೆ. ಇರುವುದು ಒಂದೇ ಬಚ್ಚಲು, ಒಳಗೇ ಗ್ಯಾಸ್ ಗೀಸರ್. ಹಿರಿಯರು ಕೊನೆಯಲ್ಲಿ ನಿಧಾನವಾಗಿ ಸ್ನಾನ ಮಾಡಲಿ ಅಂತ ಅಂದುಕೊಂಡಿದ್ದೇವೆ. ಸರಿ ತಾನೇ?
(ಓದುಗರು, ಹಾಸನ ಜಿಲ್ಲೆ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿಯುತ್ತಾ ಹೋದಂತೆ ಒಳಗಿನ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದೂ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಬಂದು ಮನುಷ್ಯ ಅಲ್ಲೇ ಕುಸಿಯುತ್ತಾನೆ. ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡುವ ಹಬ್ಬದ ಬೆಳಿಗ್ಗೆ ಗೀಸರ್ ಆರುವುದೇ ಇಲ್ಲ. ಕೊನೆಗೆ ಹೋಗುವವರಿಗೇ ಅಪಾಯ ಜಾಸ್ತಿ.

ಹಬ್ಬಕ್ಕೆ ಮುಂಚೆ ಗೀಸರನ್ನು ಹೊರಗಿನ ಗೋಡೆಗೆ, ಗಾಳಿಯಾಡುವ ಕಡೆಗೆ ಹಾಕಿಸಿ. ಆಗದಿದ್ದರೆ ಅದನ್ನು ಹಚ್ಚದೆ, ಹೊರಗೆ ನೀರು ಕಾಯಿಸಿ ಬಕೆಟ್ಟಿನಲ್ಲಿ ತನ್ನಿ. ಒಂಬತ್ತು ಜನರಲ್ಲಿ ಬಕೆಟ್ ಹೊರುವವರಿಗೇನು ಕಡಿಮೆ! ಯಾರಾದರೂ ಕುಸಿದರೆ ಬಾಗಿಲು ತೆರೆದು ತಕ್ಷಣ ಹೊರಗಿನ ಗಾಳಿಗೆ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ. ಅಪ್ಪ, ಅಮ್ಮನ ಸ್ನಾನ ಮೊದಲೇ ಆಗಲಿ.

ಪ್ರಶ್ನೆ: ನಮ್ಮ ಅಜ್ಜಿಗೆ 84, ವಾಕರ್ ಹಿಡಿದು ನಡೆಯುತ್ತಾರೆ. ಪ್ರತಿ ವರ್ಷ ಮಹಡಿ ಮೇಲೆ ಹೋಗಿ ಯುಗಾದಿ ಚಂದ್ರನನ್ನು ನೋಡುತ್ತಿದ್ದರು. ಈಗ 22 ಮೆಟ್ಟಿಲು ಹತ್ತಿಸಲು ಭಯ. ‘ಈ ಸಲ ನೋಡದೇ ಹೋಗ್ತೀನೇನೋ’ ಅಂತಾರೆ.
(ಮೊಮ್ಮಗಳು, ಮೈಸೂರು)

ಉತ್ತರ: ನೋಡಿಯೇ ನೋಡುತ್ತಾರೆ ಮಗಳೇ. ಮೆಟ್ಟಿಲು ಮಾತ್ರ ಬೇಡ. ಹತ್ತುವುದಕ್ಕಿಂತ, ಕತ್ತಲಾದ ಮೇಲೆ ಇಳಿಯುವುದು ಅಪಾಯ. ಈ ಚಂದ್ರನಿಗೆ ಎತ್ತರ ಬೇಕಾಗಿಯೂ ಇಲ್ಲ, ಪಡುವಣ ದಿಕ್ಕು ತೆರೆದಿದ್ದರೆ ಸಾಕು. ಅಮಾವಾಸ್ಯೆ ಕಳೆದು ಒಂದೆರಡು ದಿನದ ಚಂದ್ರ. ಕೂದಲೆಳೆಯಂಥವನು ಸೂರ್ಯ ಮುಳುಗಿದ ಕಡೆಯೇ ತಗ್ಗಿನಲ್ಲಿ ಕಾಣಿಸಿ ಬೇಗ ಮುಳುಗಿಬಿಡುತ್ತಾನೆ. ಪಾಡ್ಯದ ಸಂಜೆ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಬಿದಿಗೆಯ ಸಂಜೆಯನ್ನು ನಂಬಿಕೊಳ್ಳಿ.

ಇವತ್ತೇ ಸಂಜೆ ಬೀದಿಯಲ್ಲಿ ನಡೆದು, ಪಡುವಣಕ್ಕೆ ಮರ, ಕಟ್ಟಡ ಅಡ್ಡ ಇಲ್ಲದ ಜಾಗ ಹುಡುಕಿ. ಆಟದ ಮೈದಾನವೋ ಕೆರೆ ಏರಿಯೋ ಸಿಕ್ಕೇ ಸಿಗುತ್ತದೆ. ಬಿದಿಗೆ ದಿನ ಸೂರ್ಯ ಮುಳುಗುವ ಮೊದಲೇ ಕಾರಲ್ಲೋ ಆಟೋದಲ್ಲೋ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿ. ಕತ್ತಿಗೆ ಸೆರಗು ಸುತ್ತಿ, ಕನ್ನಡಕ ಮರೆಯಬೇಡಿ, ಹಿಂದಿರುಗುವಾಗ ಟಾರ್ಚ್ ಇರಲಿ. ಮೊದಲು ನೀವು ಹುಡುಕಿಕೊಳ್ಳಿ. ಆಮೇಲೆ ಅವರ ಭುಜದ ಹಿಂದೆ ನಿಂತು, ಅವರ ಕಣ್ಣಿನ ನೇರಕ್ಕೆ ಬೆರಳು ತೋರಿಸಿ. ಚಂದ್ರ ಕಂಡ ಮೇಲೆ ಅಲ್ಲೇ, ಕುರ್ಚಿಯ ಮುಂದೆ, ಅಜ್ಜಿಯ ಕಾಲಿಗೆ ಬೀಳಿ.