ರಿಯಾಲಿಟಿ ಶೋಗೆ ಸಹಿ ಹಾಕಿದ ಮೇಲೆ ಪ್ರಾಣಕ್ಕೆ ಸ್ಪರ್ಧಿಯೇ ಹೊಣೆ ಅಲ್ವಾ?

ಅಲ್ಲ. ಸ್ಪರ್ಧಿ ಸಹಿ ಹಾಕಿದ್ದರೂ, ಶೋ ನಡೆಸುವವರ ನಿರ್ಲಕ್ಷ್ಯದಿಂದ ಜೀವ ಹೋದರೆ ಅದು ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಜೈಲಾಗಬಹುದು.

ಕಾನೂನು ಹಾಗಿರಲಿ, ಆ ಒಪ್ಪಿಗೆಯೇ ಅರೆಬರೆ. ನಮ್ಮ ಕೊಡಗಿನ ಬರಪೊಳೆ ನದಿಯನ್ನೇ ನೋಡಿ. ಅಲ್ಲಿ ರಾಫ್ಟಿಂಗ್ ನಡೆಯುವುದೇ ಮಳೆಗಾಲದಲ್ಲಿ. ಕೆಂಪು ನೀರು ಬಂಡೆ ಮುಚ್ಚಿ ಹರಿಯುತ್ತಿದ್ದರೆ ಪ್ರವಾಸಿ ಸುಮ್ನೆ ಲೈಫ್ ಜಾಕೆಟ್ ಬಿಚ್ಚಿಕೊಟ್ಟು ಕಾಫಿ ಕುಡಿಯಲು ಹೋಗಬಹುದು. ಆದರೆ ಅಲ್ಲೇ ಶೋ ನಡೆದರೆ ಸ್ಪರ್ಧಿಗೆ ಎದುರಿಗೆ ಕ್ಯಾಮೆರಾ, ತಲೆಯಲ್ಲಿ ಬಹುಮಾನದ ದುಡ್ಡು, ಮನೆಯ ಸಾಲ. ‘ಆಗಲ್ಲ’ ಅನ್ನೋಕೆ ಬಾಯಿ ಬರುವುದಿಲ್ಲ. ನಿರ್ದೇಶಕರಿಗೋ, ಭಯ ಜಾಸ್ತಿಯಾದಷ್ಟೂ ದೃಶ್ಯ ಚೆಂದ! ಹಾಗಾಗಿ ನಿಲ್ಲಿಸುವ ಅಧಿಕಾರ ಟಿಆರ್‌ಪಿಯಿಂದ ಒಂದು ಪೈಸೆಯೂ ಸಿಗದ, ಆ ಹೊಳೆಯನ್ನು ಬಲ್ಲ ಗೈಡ್ ಕೈಯಲ್ಲಿರಬೇಕು.