ಬೋಳು ಸೊಪ್ಪಿನಬೆಟ್ಟ ಮತ್ತೆ ಕಾಡಾಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಗುಡ್ಡ) ಬೋಳಾಗಿದೆ. ಬೇಗ ಹಸಿರಾಗಲು ಅಕೇಶಿಯಾ ನೆಡಬಹುದಾ?

ಉತ್ತರ: ಬೇಡ. ಅಕೇಶಿಯಾ ಬೇಗ ಬೆಳೆಯುವುದು ನಿಜ. ಆದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ, ಗೊಬ್ಬರಕ್ಕೂ ಅಷ್ಟಕ್ಕಷ್ಟೇ. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಬೆಂಕಿ ಬಿದ್ದರೆ ಇನ್ನೂ ಜಾಸ್ತಿ ಮೊಳೆಯುತ್ತದೆ.

ಮೊದಲು ಸುಮ್ನೆ ಒಂದು ಮಳೆಗಾಲ ನೋಡಿ. ಹಳೆ ಮತ್ತಿ, ಹೊನ್ನೆ, ನಂದಿ ಮರಗಳ ಬುಡಗಳು ಎಷ್ಟೋ ಸಲ ಸತ್ತಿರುವುದಿಲ್ಲ, ಚಿಗುರುತ್ತವೆ. ದನ ಮೇಯದಂತೆ ಬೇಲಿ ಹಾಕಿ, ಬೇಸಿಗೆಗೆ ಮುಂಚೆ ಬೆಂಕಿ ಗೆರೆ (ಬೆಂಕಿ ದಾಟದಂತೆ ಹುಲ್ಲು, ಒಣಗೆಲೆ ತೆಗೆದ ಪಟ್ಟಿ) ಮಾಡಿದರೆ ಅರ್ಧ ಕೆಲಸ ಆದ ಹಾಗೆ. ನೆಡುವುದಕ್ಕಿಂತ ಕಾಯುವುದೇ ಅಗ್ಗ, ಆದರೆ ಯಾರಿಗೂ ತಾಳ್ಮೆ ಇಲ್ಲ, ಅಲ್ವಾ?

ಏನೂ ಚಿಗುರದ ಜಾಗದಲ್ಲಿ ಮಾತ್ರ ನೆಡಿ. ನೇರಳೆ, ಹಲಸಿನ ಬೀಜ ಒಣಗಿದರೆ ಹುಟ್ಟುವುದಿಲ್ಲ, ಹಣ್ಣು ತಿಂದ ವಾರದೊಳಗೆ ಊರಿಬಿಡಿ. ಬಿಸಿಲು ಬೀಳುವ ಕಡೆ ಮೊದಲು ಮತ್ತಿ, ಹೊನ್ನೆ. ಮುರುಗಲು (ಪುನರ್ಪುಳಿ), ಉಪ್ಪಾಗೆ ಗಿಡಗಳಿಗೆ ಎಳೆತನದಲ್ಲಿ ನೆರಳು ಬೇಕು, ಅವು ನಾಲ್ಕೈದು ವರ್ಷ ಬಿಟ್ಟು ಬರಲಿ. ಇಂಗುಗುಂಡಿಯನ್ನು ಇಳಿಜಾರಿಗೆ ಅಡ್ಡವಾಗಿ ತೋಡಿ. ಆದರೆ ಕಡಿದಾದ ಗುಡ್ಡದಲ್ಲಿ ಬೇಡ, ನಮ್ಮ ಮಳೆಗೆ ನೀರು ಜಾಸ್ತಿ ಇಂಗಿ ಧರೆ ಕುಸಿಯಬಹುದು.

ಇನ್ನೊಂದು ಮಾತು. ಸೊಪ್ಪಿನಬೆಟ್ಟದ ಜಾಗ ಸರ್ಕಾರದ್ದು, ನಿಮಗಿರುವುದು ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಸವಲತ್ತು ಮಾತ್ರ. ಮರ ಕಡಿಯುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ.

ಪಕ್ಕದ ಬೆಟ್ಟದವರನ್ನೂ ಕರೆದು ತೋರಿಸಿ. ಬೆಂಕಿ ಸಾಮಾನ್ಯವಾಗಿ ಅಲ್ಲಿಂದಲೇ ಬರುವುದು.